ಗೋವಾದ ಪೆರ್ನೆಮ್‌ನ ಮಣ್ಣು ಮೊದಲೇ ಗೊತ್ತಿದ್ದಿದ್ರೆ ಕೊಂಕಣ ರೈಲು ಬರ್ತಿತ್ತಾ?

1990ರ ಸೆಪ್ಟೆಂಬರ್ 15ಕ್ಕೆ ಮಹಾರಾಷ್ಟ್ರದ ರೋಹಾದಲ್ಲಿ ಕೊಂಕಣ ರೈಲ್ವೆಗೆ ಅಡಿಗಲ್ಲು ಹಾಕಿದಾಗ ಜನಕ್ಕೆ ಹೇಳಿದ್ದು ಐದು ವರ್ಷ. ಪೂರ್ತಿ ಲೈನ್ ಮೇಲೆ ಪ್ಯಾಸೆಂಜರ್ ಗಾಡಿ ಓಡಿದ್ದು 1998ರ ಜನವರಿ 26ಕ್ಕೆ. ಖರ್ಚು ಬಡ್ಡಿಗಿಡ್ಡಿ ಎಲ್ಲಾ ಸೇರಿ ಸುಮಾರು 3,500 ಕೋಟಿ, ಮೊದಲು ಹಾಕಿದ್ದ ಅಂದಾಜಿನ ಎರಡು ಪಟ್ಟಿಗೂ ಮೇಲೆ. ಇದೇ ಲೆಕ್ಕ ಬೇರೆ ಯಾವ್ದಾದ್ರೂ ಸರ್ಕಾರಿ ಕೆಲಸದ್ದಾಗಿದ್ರೆ ನಾವೆಲ್ಲಾ ಸೇರಿ ಉಗಿದು ಉಪ್ಪಿನಕಾಯಿ ಹಾಕ್ತಿದ್ವಿ. ಆದ್ರೆ ಕರಾವಳಿಯಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಕೊಂಕಣ ರೈಲ್ವೆ ಲೇಟಾಯ್ತು ದುಬಾರಿ ಆಯ್ತು ಅಂತ ಬೈಯೋರು ಸಿಗಲ್ಲ. ಮಂಗಳೂರಿಂದ ಮುಂಬೈಗೆ ರೈಲಲ್ಲಿ ಹೋಗ್ಬೇಕಂದ್ರೆ ಮುಂಚೆ ಎಲ್ಲೆಲ್ಲೋ ಸುತ್ತಿ 2,000 ಕಿ.ಮೀ. ಮೇಲೆ ಆಗ್ತಿತ್ತು, ಈ ಲೈನ್ ಬಂದ್ಮೇಲೆ ಅದು ಸಾವಿರದೊಳಗೆ ಬಂತು. ಎರಡು ರಾತ್ರಿಯ ಪ್ರಯಾಣ ಒಂದು ರಾತ್ರಿಗೆ ಇಳೀತು.

ಈ ಕೇಸ್ ತಗೊಂಡಿದ್ದು ಹೊಗಳೋಕಲ್ಲ. ಶುರು ಮಾಡಿದವರಿಗೆ ಮುಂದೆ ಏನೇನು ಕಾದಿದೆ ಅಂತ ಪೂರ್ತಿ ಗೊತ್ತಿದ್ದಿದ್ರೆ ಅವರು ಶುರು ಮಾಡ್ತಿದ್ರಾ ಅನ್ನೋದು ಒಂದು ಪ್ರಶ್ನೆ. ಗೊತ್ತಿರ್ಲಿಲ್ಲ ಅನ್ನೋದ್ರ ಬೆಲೆ ಯಾರು ಕಟ್ಟಿದ್ರು ಅನ್ನೋದು ಇನ್ನೊಂದು, ಅದನ್ನ ಸಾಮಾನ್ಯವಾಗಿ ಯಾರೂ ಕೇಳಲ್ಲ.

ಮೊದಲನೇ ಪ್ರಶ್ನೆ ನನ್ನದಲ್ಲ. ಆಲ್ಬರ್ಟ್ ಹರ್ಷ್‌ಮನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ 1967ರಲ್ಲೇ ಇದನ್ನ ಎತ್ತಿದ್ರು. ಅವರ ಉದಾಹರಣೆ ಆಗಿನ ಪೂರ್ವ ಪಾಕಿಸ್ತಾನದ ಕರ್ಣಫುಲಿ ಪೇಪರ್ ಮಿಲ್. ಗುಡ್ಡದ ತುಂಬಾ ಬಿದಿರಿದೆ, ಕಾಗದಕ್ಕೆ ಇನ್ನೇನು ಬೇಕು ಅಂತ ಮಿಲ್ ಹಾಕಿದ್ರು, ಕೆಲವೇ ವರ್ಷದಲ್ಲಿ ಬಿದಿರೆಲ್ಲಾ ಒಟ್ಟಿಗೆ ಹೂ ಬಿಟ್ಟು ಸತ್ತೋಯ್ತು. ಮಲೆನಾಡಿನ ಯಾವ ಅಜ್ಜಿಯನ್ನ ಕೇಳಿದ್ರೂ ಹೇಳ್ತಿದ್ಲು, ಬಿದಿರು ಹೂ ಬಿಟ್ರೆ ಬಿದಿರಕ್ಕಿ ಸಿಗತ್ತೆ, ಆಮೇಲೆ ಮೆಳೆನೇ ಇರಲ್ಲ ಅಂತ. ಆದ್ರೆ ಮಿಲ್ ಆಗ್ಲೇ ನಿಂತುಬಿಟ್ಟಿತ್ತಲ್ಲ, ಬಿಟ್ಟು ಹೋಗೋ ಹಾಗಿಲ್ಲ, ಹಾಗಾಗಿ ದೂರ ದೂರದ ಹಳ್ಳಿಗಳಿಂದ ನೀರಿನ ದಾರೀಲಿ ಬಿದಿರು ತರಿಸೋ ವ್ಯವಸ್ಥೆ ಮಾಡಿದ್ರು, ಹೊರಗಿಂದ ಪಲ್ಪ್ ತರಿಸಿದ್ರು, ಬೇಗ ಬೆಳೆಯೋ ಬೇರೆ ಗಿಡ ಹುಡುಕಿದ್ರು, ಮಿಲ್ ಉಳೀತು. ಹರ್ಷ್‌ಮನ್ ಹೇಳಿದ್ದು ಇಷ್ಟೇ: ಮನುಷ್ಯ ತನ್ನ ಕೈಲಿ ಏನಾಗತ್ತೆ ಅನ್ನೋದನ್ನ ಯಾವಾಗಲೂ ಕಮ್ಮಿನೇ ಅಂದಾಜು ಮಾಡ್ತಾನೆ, ಹಾಗಾಗಿ ಮುಂದಿರೋ ಕಷ್ಟವನ್ನೂ ಅಷ್ಟೇ ಕಮ್ಮಿ ಅಂದಾಜು ಮಾಡಿದ್ರೆ ಮಾತ್ರ ದೊಡ್ಡ ಕೆಲಸಕ್ಕೆ ಕೈ ಹಾಕ್ತಾನೆ. ಕಷ್ಟವನ್ನ ಯಾವ್ದೋ ಒಂದು ಕೈ ನಮ್ಮಿಂದ ಮರೆಮಾಡಿ ಇಟ್ಟಿರತ್ತೆ, ಅದು ಒಳ್ಳೇದೇ ಅಂತ ಅವರ ವಾದ.

ಕೊಂಕಣ ರೈಲ್ವೆಗೆ ಇದನ್ನ ಹಾಗೇ ತಂದು ಅಂಟಿಸಬಹುದು, ಬಹಳ ಚೆನ್ನಾಗಿ ಕೂರತ್ತೆ ಕೂಡ. ಆದ್ರೆ ಸ್ವಲ್ಪ ಹತ್ತಿರದಿಂದ ನೋಡಿದ್ರೆ ಅಷ್ಟು ಸಲೀಸಿಲ್ಲ.

1989ರ ಕೊನೇಲಿ ವಿ.ಪಿ. ಸಿಂಗ್ ಸರ್ಕಾರ ಬಂದಾಗ ರೈಲ್ವೆ ಮಂತ್ರಿ ಆಗಿದ್ದು ಜಾರ್ಜ್ ಫರ್ನಾಂಡಿಸ್, ಮಂಗಳೂರಲ್ಲಿ ಹುಟ್ಟಿದವರು. ಹಣಕಾಸು ಮಂತ್ರಿ ಮಧು ದಂಡವತೆ, ಕೊಂಕಣದ ರಾಜಾಪುರದ ಎಂಪಿ. ಯೋಜನಾ ಆಯೋಗದ ಉಪಾಧ್ಯಕ್ಷ ರಾಮಕೃಷ್ಣ ಹೆಗಡೆ, ನಮ್ಮ ಸಿದ್ದಾಪುರದವರು. ಹಳಿ ಹಾಕೋನು, ದುಡ್ಡು ಕೊಡೋನು, ಪ್ಲಾನ್‌ಗೆ ಹ್ಞೂಂ ಅನ್ನೋನು ಮೂರೂ ಜನ ಇದೇ ಕಡೆಯವರು! ಇಂಥ ಯೋಗ ಮುಂಚೆ ಇರ್ಲಿಲ್ಲ, ಆಮೇಲೂ ಬರ್ಲಿಲ್ಲ. ಬಜೆಟ್‌ನಲ್ಲಿ ದುಡ್ಡಿಲ್ಲ ಅಂತ ಗೊತ್ತಿದ್ರಿಂದ ಬೇರೆಯದೇ ಕಂಪನಿ ಮಾಡಿದ್ರು. ಕೇಂದ್ರದ್ದು 51 ಪರ್ಸೆಂಟ್, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ಆರಾರು, ಉಳಿದ ದುಡ್ಡು ಬಾಂಡ್ ಮಾರಿ ಎತ್ತೋದು. 1990ರ ಜುಲೈನಲ್ಲಿ ಕಂಪನಿ ರಿಜಿಸ್ಟರ್ ಆಯ್ತು. ಅದೇ ವರ್ಷ ರೈಲ್ವೆಯಿಂದ ರಿಟೈರ್ ಆಗ್ತಿದ್ದ ಇಂಜಿನಿಯರ್ ಇ. ಶ್ರೀಧರನ್ ಅವರನ್ನ ಹಿಡ್ಕೊಂಡು ಬಂದು ಕಂಪನಿಯ ಮುಖ್ಯಸ್ಥರಾಗಿ ಕೂರಿಸಿದ್ರು. ಸೆಪ್ಟೆಂಬರ್‌ನಲ್ಲಿ ಅಡಿಗಲ್ಲು, ನವೆಂಬರ್‌ನಲ್ಲಿ ಸರ್ಕಾರನೇ ಬಿದ್ದೋಯ್ತು.

ಸರ್ಕಾರ ಇಷ್ಟು ಬೇಗ ಬೀಳತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ಮುಂದಿನ ವರ್ಷ ದೇಶದ ಹತ್ರ ಕೆಲವೇ ವಾರದ ಆಮದಿಗೆ ಸಾಕಾಗೋಷ್ಟು ವಿದೇಶಿ ಹಣ ಉಳಿದು ಚಿನ್ನ ಅಡ ಇಡೋ ಪರಿಸ್ಥಿತಿ ಬರತ್ತೆ ಅಂತನೂ ಗೊತ್ತಿರ್ಲಿಲ್ಲ. 1992ರಲ್ಲಿ ಷೇರು ಹಗರಣ ಎದ್ದು ಇಡೀ ಮಾರ್ಕೆಟ್ಟೇ ಗಾಬರಿ ಬೀಳತ್ತೆ ಅಂತ ಯಾರು ಕನಸು ಕಂಡಿದ್ರು. ಬಾಂಡ್ ಮಾರಿ ರೈಲು ಕಟ್ತೀನಿ ಅಂತ ಹೊರಟವನಿಗೆ ಇದಕ್ಕಿಂತ ಕೆಟ್ಟ ಟೈಮ್ ಸಿಗಲ್ಲ. ಇದೇ ಫೈಲು ಒಂದು ವರ್ಷ ತಡವಾಗಿ, 1991ರ ನಡುವಲ್ಲಿ ದೆಹಲಿಯ ಟೇಬಲ್ಲಿಗೆ ಬಂದಿದ್ರೆ ಯಾರೂ ಸಹಿ ಹಾಕ್ತಿರ್ಲಿಲ್ಲ, ಇದ್ರಲ್ಲಿ ನನಗೆ ಅನುಮಾನನೇ ಇಲ್ಲ. ಇಲ್ಲಿವರೆಗೆ ಹರ್ಷ್‌ಮನ್ ಮಾತು ಸರಿ.

ಆದ್ರೆ ನೆಲದ ವಿಷಯ ಬೇರೆ. ಅಲ್ಲಿ ಅವರಿಗೆ ಭಯ ಇತ್ತು, ಬೇಕಾದಷ್ಟಿತ್ತು. ಕರಾವಳಿಗೆ ರೈಲು ಯಾಕಿಲ್ಲ ಅಂತ ಕೇಳಿದ್ರೆ ತಲೆಮಾರುಗಳಿಂದ ಬರ್ತಿದ್ದ ಉತ್ತರ ಒಂದೇ, ಘಟ್ಟದ ಕರಿಕಲ್ಲು, ಅಡ್ಡ ಹರಿಯೋ ಹೊಳೆಗಳು, ಮಳೆ. ಸುಮಾರು 740 ಕಿ.ಮೀ.ನಲ್ಲಿ 92 ಸುರಂಗ, ಸಣ್ಣವು ದೊಡ್ಡವು ಸೇರಿ ಎರಡು ಸಾವಿರದಷ್ಟು ಸೇತುವೆ, ಜಾಗ ಬಿಟ್ಟುಕೊಡಬೇಕಾದ ಜನ ನಲವತ್ತು ಸಾವಿರಕ್ಕೂ ಹೆಚ್ಚು. ಇದೆಲ್ಲಾ ಮ್ಯಾಪ್ ನೋಡಿದವರಿಗೆ ಗೊತ್ತಿತ್ತು. ಗೊತ್ತಿದ್ರಿಂದಲೇ ತಯಾರಿ ಮಾಡ್ಕೊಂಡ್ರು. ಬಂಡೆ ಕೊರೆಯೋಕೆ ಸ್ವೀಡನ್‌ನಿಂದ ಒಂಬತ್ತು ಹೈಡ್ರಾಲಿಕ್ ಡ್ರಿಲ್ಲಿಂಗ್ ಮಷೀನ್ ತರಿಸಿದ್ರು. ರತ್ನಗಿರಿ ಹತ್ರ ಪನ್ವಲ್ ಕಣಿವೆ ಮೇಲೆ 64 ಮೀಟರ್ ಎತ್ತರದ ಸೇತುವೆಗೆ, ಹಿಂದಿನಿಂದ ತುಂಡುತುಂಡಾಗಿ ಎರಕ ಹೊಯ್ದು ಮುಂದಕ್ಕೆ ನೂಕೋ ವಿಧಾನ ತಂದ್ರು, ನಮ್ಮ ದೇಶಕ್ಕೆ ಅದು ಹೊಸದು. ಹೊನ್ನಾವರದಲ್ಲಿ ಶರಾವತಿ ಮೇಲೆ ಎರಡು ಕಿ.ಮೀ. ದಾಟೋ ಸೇತುವೆ, ಇಡೀ ಲೈನಿಗೇ ಉದ್ದದ್ದು. ರತ್ನಗಿರಿ ಕಡೆಯ ಕರ್ಬುಡೆ ಸುರಂಗ ಆರೂವರೆ ಕಿ.ಮೀ. ಇವೆಲ್ಲಾ ಕಷ್ಟ ಕೊಟ್ವು ನಿಜ, ಆದ್ರೆ ಯಾವ್ದೂ ಕೆಲಸವನ್ನ ಕಟ್ಟಿಹಾಕ್ಲಿಲ್ಲ. ಹೆದರಿದ್ದ ಕಡೆಯೆಲ್ಲಾ ಗೆದ್ರು ಅನ್ನಿ.

ಕಟ್ಟಿಹಾಕಿದ್ದು ಮಣ್ಣು.

ಕರಾವಳಿಯಲ್ಲಿ ಬಾವಿ ತೋಡಿಸಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಮೇಲೆ ಮುರಕಲ್ಲು, ನಮ್ಮ ಕಡೆ ಚಿರೇಕಲ್ಲು ಅಂತೀವಿ, ಗಟ್ಟಿ, ಹೊಂಡ ತೋಡಿದ್ರೆ ಗೋಡೆ ನೆಟ್ಟಗೆ ನಿಲ್ಲತ್ತೆ. ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ಕೆಲವು ಕಡೆ ಗುಲಾಬಿ, ಹಳದಿ ಗೆರೆ ಗೆರೆ. ಒಣಗಿದ್ದಾಗ ಪಿಕಾಸಿಗೂ ಸುಲಭಕ್ಕೆ ಬಗ್ಗಲ್ಲ, ನೀರು ತಾಗಿದ್ರೆ ಕಾಲಡಿಯಿಂದಲೇ ಜಾರಿ ಹೋಗತ್ತೆ. ಅದಕ್ಕೇ ಬಾವಿ ತೋಡೋರು ಶೇಡಿ ಸಿಕ್ಕಿತು ಅಂದ್ರೆ ಮುಖ ಸಣ್ಣ ಮಾಡ್ಕೊಂಡು ಮೇಲೆ ಬಂದು, ರಿಂಗ್ ಇಳಿಸದೆ ಇನ್ನು ಮುಂದೆ ಆಗಲ್ಲ ಅಂತ ಧಣಿಗಳ ಹತ್ರ ಮಾತಾಡ್ತಾರೆ.

ಕೊಂಕಣ ಲೈನಲ್ಲಿ ಇಂಥ ಮೆತ್ತನೆ ಮಣ್ಣಿನ ಸುರಂಗ ಒಂಬತ್ತು. ಅದ್ರಲ್ಲಿ ಗೋವಾದ ಉತ್ತರ ತುದಿಯ ಪೆರ್ನೆಮ್ ಎಲ್ಲದಕ್ಕಿಂತ ಕೆಟ್ಟದ್ದು. ಉದ್ದ ಬರೀ ಒಂದೂವರೆ ಕಿ.ಮೀ., ಕರ್ಬುಡೆಯ ಕಾಲು ಭಾಗ. ಸ್ವೀಡನ್ನಿನ ಮಷೀನು ಇಲ್ಲಿ ಏನೂ ಮಾಡಂಗಿಲ್ಲ, ಬಂಡೆಯಾದ್ರೆ ಕೊರೆದು ಮದ್ದು ತುಂಬಿ ಸಿಡಿಸಬಹುದು, ನೀರು ಕುಡಿದ ಮಣ್ಣಿಗೆ ಏನು ಸಿಡಿಸೋದು. ಅಂತರ್ಜಲ ಮೇಲೇ ಇರೋದ್ರಿಂದ ಮಣ್ಣು ಸದಾ ನೆನೆದೇ ಇರತ್ತೆ. ಕೈಯಲ್ಲಿ ಸ್ವಲ್ಪ ಸ್ವಲ್ಪ ಅಗೀಬೇಕು, ಅಗೆದ ತಕ್ಷಣ ಕಬ್ಬಿಣದ ಕಮಾನು ನಿಲ್ಲಿಸಬೇಕು, ಅದು ಮಾಡೋಷ್ಟರಲ್ಲಿ ಎದುರಿನ ಗೋಡೆ ಶ್ಯಾವಿಗೆ ಒರಳಿಂದ ಬಂದ ಹಾಗೆ ಸಂದುಸಂದಿನಿಂದ ಒಳಗೆ ಬರೋಕೆ ಶುರು. ಅಗೆದು ಮುಗಿಸಿದ ಭಾಗನೇ ಕುಸಿದು ಮತ್ತೆ ಮೊದಲಿಂದ ಅಗೆಯೋದು, ಒಂದ್ಸಲ ಅಲ್ಲ ಎಷ್ಟೋ ಸಲ. ಮಳೆಗಾಲ ಬಂದ್ರೆ ಕೇಳೋದೇ ಬೇಡ. ಬರೀ ಈ ಮಣ್ಣಿನ ಸುರಂಗಗಳೇ ನಾಲ್ಕು ವರ್ಷ ತಿಂದ್ವು. ಇವುಗಳಲ್ಲಿ ಸತ್ತವರು 19 ಜನ. ಒಟ್ಟು ಲೈನ್ ಕಟ್ಟೋದ್ರಲ್ಲಿ 74.

ಈಗ ಹೇಳಿ, ಇದು ಯಾರಿಗೂ ಗೊತ್ತಿರದ ಕಷ್ಟನಾ? ಬಾವಿ ತೋಡೋನಿಗೆ ಗೊತ್ತಿತ್ತು. ಅವನನ್ನ ಕೇಳಿದ್ರೆ "ಆಗುದಿಲ್ಲ ಮಾರಾಯ್ರೆ" ಅಂತಿದ್ದ. ಅವನ ಮಾತು ನಿಜನೂ ಹೌದು, ಯಾಕಂದ್ರೆ ಅವನ ಸಾಮಾನಲ್ಲಿ ಅದು ಆಗಲ್ಲ. ಹರ್ಷ್‌ಮನ್ ಬರೆದಾಗ ಕಷ್ಟ ಎಲ್ಲರ ಕಣ್ಣಿಗೂ ಮರೆಯಾಗಿರತ್ತೆ ಅನ್ನೋ ಹಾಗೆ ಬರೀತಾರೆ, ಆದ್ರೆ ನಿಜವಾಗಿ ಆಗೋದು ಹಾಗಲ್ಲ, ಗೊತ್ತಿರೋನು ಒಂದು ಕಡೆ ಇರ್ತಾನೆ, ಸಹಿ ಹಾಕೋನು ಇನ್ನೊಂದು ಕಡೆ ಇರ್ತಾನೆ, ಇಬ್ಬರೂ ಒಂದೇ ರೂಮಲ್ಲಿ ಕೂರಲ್ಲ. ಕರ್ಣಫುಲಿಯ ಬಿದಿರೂ ಅಷ್ಟೇ. ಆ ಗುಡ್ಡದವರಿಗೆ ಬಿದಿರು ಸಾಯತ್ತೆ ಅಂತ ಗೊತ್ತಿಲ್ದೆ ಇರತ್ತಾ.

ಇನ್ನೊಂದು ಕಡೆಯಿಂದನೂ ನೋಡ್ಬೇಕು. ಪ್ರತಿ ಗುಡ್ಡದ ಹೊಟ್ಟೇಲಿ ಏನಿದೆ ಅಂತ ಪೂರ್ತಿ ಬೋರ್ ಹಾಕಿ ನೋಡಿ, ರಿಪೋರ್ಟ್ ಬಂದು, ರಿಪೋರ್ಟ್ ಮೇಲೆ ಕಮಿಟಿ ಕೂತು ಆಮೇಲೆ ಕೆಲಸ ಶುರು ಮಾಡೋಣ ಅಂದಿದ್ರೆ ಆ ಹನ್ನೊಂದು ತಿಂಗಳ ಸರ್ಕಾರದಲ್ಲಿ ಅಡಿಗಲ್ಲು ಇರ್ಲಿ, ಕಂಪನಿಗೆ ಹೆಸರೂ ಇಡೋಕಾಗ್ತಿರ್ಲಿಲ್ಲ. ಅವಸರನೇ ಇಲ್ಲಿ ಅಜ್ಞಾನ ತಂದಿದ್ದು, ಅದೇ ಅವಸರ ಲೈನನ್ನೂ ತಂದಿದ್ದು. ಎರಡನ್ನ ಬೇರೆ ಮಾಡೋಕೆ ನನಗಂತೂ ಆಗಿಲ್ಲ.

ಮತ್ತೆ ಪೆರ್ನೆಮ್ ಕೈಕೊಟ್ಟಾಗ ಯಾಕೆ ಬಿಟ್ಟು ಹೋಗ್ಲಿಲ್ಲ? ಉತ್ತರದಲ್ಲಿ ಧೈರ್ಯಕ್ಕಿಂತ ಲೆಕ್ಕಾಚಾರ ಜಾಸ್ತಿ. ಮಂಗಳೂರು–ಉಡುಪಿ ಮಧ್ಯೆ 1993ರಲ್ಲೇ ರೈಲು ಶುರುವಾಗಿತ್ತು. ದಕ್ಷಿಣದಿಂದ ಹಳಿ ಗೋವಾದವರೆಗೂ ಬಂತು, ಉತ್ತರದಿಂದ ಸಾವಂತವಾಡಿವರೆಗೂ ಬಂತು, ಮಧ್ಯೆ ಈ ತುಂಡು ಮಾತ್ರ ಬಾಕಿ. ಎರಡೂ ಕಡೆ ಸಾವಿರಾರು ಕೋಟಿ ಸುರಿದು ಒಂದೂವರೆ ಕಿ.ಮೀ.ಗೋಸ್ಕರ ಬಿಡೋನು ಯಾರು. ಬಾಂಡಿನ ಬಡ್ಡಿ ಬೇರೆ ದಿನಾ ಓಡ್ತಿತ್ತು. ಇದೇ ಪೆರ್ನೆಮ್ ಲೈನಿನ ಮೊದಲ ಸುರಂಗ ಆಗಿದ್ದು ಮೊದಲ ವರ್ಷವೇ ಕುಸಿದಿದ್ದಿದ್ರೆ ಕಥೆ ಬೇರೆ ಇತ್ತು. ಕಷ್ಟ ಬಂದಿದ್ದು ವಾಪಸ್ ಹೋಗೋ ದಾರಿ ಮುಚ್ಚಿದ ಮೇಲೆ, ನನ್ನ ಲೆಕ್ಕದಲ್ಲಿ ಇದು ಗೊತ್ತಿರ್ಲಿಲ್ಲ ಅನ್ನೋದಕ್ಕಿಂತ ದೊಡ್ಡ ಕಾರಣ.

ಗೋವಾದ ಗಲಾಟೆ ಬಗ್ಗೆ ಉದ್ದ ಎಳೆಯಲ್ಲ. ಲೈನು ಖಾಜನ್ ಗದ್ದೆಗಳ ಮೇಲೆ ಬರತ್ತೆ (ನಮ್ಮ ಅಘನಾಶಿನಿ ಕಡೆಯ ಗಜನಿ ಭೂಮಿ ಇದ್ದ ಹಾಗೇ, ಉಪ್ಪುನೀರು ಬರೋ ತಗ್ಗು ಗದ್ದೆ ಅದು), ಹಳೇ ಗೋವಾದ ಚರ್ಚುಗಳ ಹತ್ರ ಹಾದುಹೋಗತ್ತೆ, ಒಳನಾಡಿಗೆ ಸರಿಸಿ ಅಂತ ಹೋರಾಟ ಎದ್ದಿತು. ಹೈಕೋರ್ಟಿಗೂ ಹೋಯ್ತು, ಕೇಂದ್ರ ಕೆಲಸ ನಿಲ್ಲಿಸಿ ಆಯೋಗನೂ ಕೂರಿಸಿತು, ತಿಂಗಳುಗಟ್ಟಲೆ ನಿಂತು ಕಡೆಗೆ ಹೆಚ್ಚೂಕಮ್ಮಿ ಅದೇ ದಾರಿ. ಇದೂ ಮೊದಲೇ ಯಾರೂ ಲೆಕ್ಕ ಹಾಕದ ವಿಷಯ. ಆದ್ರೆ ಇದನ್ನ "ಗೊತ್ತಿರ್ಲಿಲ್ಲ" ಅನ್ನೋದಕ್ಕಿಂತ "ಕೇಳ್ಲಿಲ್ಲ" ಅನ್ನೋದೇ ಸರಿ.

ಈಗ ಬೆಲೆಯ ವಿಷಯ. ದೆಹಲಿಯಲ್ಲಿ ಸಹಿ ಹಾಕಿದವರಿಗೆ ಗೊತ್ತಿರ್ಲಿಲ್ಲ, ಸರಿ. ಪೆರ್ನೆಮ್ ಒಳಗೆ ಇಳಿದ ಕಾರ್ಮಿಕರಿಗೆ ಗೊತ್ತಿರ್ಲಿಲ್ಲವಾ? ನಿನ್ನೆ ಕುಸಿದ ಜಾಗಕ್ಕೆ ಇವತ್ತು ಬೆಳಿಗ್ಗೆ ಪಾಳಿಗೆ ಹೋಗೋನಿಗೆ ಮುಂದಿರೋ ಅಪಾಯ ಪೂರ್ತಿ ಗೊತ್ತು, ಅವನ ಕಣ್ಣೆದುರೇ ಇದೆ ಅದು. ಅವನ ಧೈರ್ಯಕ್ಕೆ ಯಾವ ಮರೆಯ ಕೈಯೂ ಸಹಾಯ ಮಾಡಿಲ್ಲ, ಮಾಡಿದ್ದು ಕೂಲಿ, ಮನೆಯಲ್ಲಿನ ಬಡತನ, ಪಕ್ಕದಲ್ಲಿರೋ ಜೊತೆಗಾರ. ಅಜ್ಞಾನದಿಂದ ಬಂದ ಧೈರ್ಯ ಅಂತ ನಾವು ಕೊಂಡಾಡೋದು ಶುರು ಮಾಡಿದವರದ್ದು ಮಾತ್ರ, ಮುಗಿಸಿದವರು ಎಲ್ಲಾ ಗೊತ್ತಿದ್ದೇ ಮುಗಿಸಿದ್ರು. ಇಂಜಿನಿಯರುಗಳನ್ನೂ ಇದೇ ಸಾಲಿಗೆ ಸೇರಿಸ್ತೀನಿ, ಸೈಟಲ್ಲಿ ಇದ್ದವರನ್ನ.

ಆಮೇಲೆ ಪ್ರಯಾಣಿಕರು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾ ಸ್ಪೆಷಲ್ ಗಾಡಿ ವೈಭವವಾಡಿ ಹತ್ರ ಹಳಿ ಮೇಲೆ ಬಿದ್ದಿದ್ದ ಬಂಡೆಗೆ ಬಡಿದು ಹಳಿ ತಪ್ತು, ಐವತ್ತಕ್ಕೂ ಹೆಚ್ಚು ಜನ ಹೋದ್ರು. ಬೇಸಿಗೆ ರಜೆ ಮುಗಿಸಿ ಶಾಲೆಗೆ ವಾಪಸ್ ಹೋಗ್ತಿದ್ದ ಮಕ್ಕಳಿದ್ದ ಗಾಡಿ ಅದು. ಸರಿಯಾಗಿ ಮರುವರ್ಷ ಜೂನ್ 16ಕ್ಕೆ ಮಹಾಡ್ ಹತ್ರ ಮಂಗಳೂರು–ಮುಂಬೈ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಹಾಗೇ ಆಯ್ತು, ಹತ್ತಕ್ಕೂ ಹೆಚ್ಚು ಸಾವು. ಗುಡ್ಡ ಕಡಿದು ಲೈನ್ ಹಾಕಿದ ಕಡೆ ಎರಡೂ ಬದಿ ಗೋಡೆ ಕಡಿದಾಗಿ ನಿಂತಿತ್ತು, ಮುಂಗಾರಿನ ಮೊದಲ ಹೊಡೆತಕ್ಕೆ ಅದು ಸಡಿಲ ಆಗತ್ತೆ. ಲೈನ್ ಶುರುವಾಗಿ ಐದಾರು ಮಳೆಗಾಲ ಕಳೆದ ಮೇಲೂ ಆ ಪಾಠ ಪೂರ್ತಿ ಕಲಿತಿರ್ಲಿಲ್ಲ. ಆಮೇಲೆ ಗುಡ್ಡಕ್ಕೆ ಕಬ್ಬಿಣದ ಬಲೆ ಹಾಕಿದ್ರು, ಇಳಿಜಾರು ಮಾಡಿದ್ರು, ಬಂಡೆ ಬಿದ್ರೆ ಸಿಗ್ನಲ್ ಕೊಡೋ ತಂತಿ ಎಳೆದು ಅದಕ್ಕೆ ರಕ್ಷಾ ಧಾಗಾ ಅಂತ ಹೆಸರಿಟ್ರು, ರಾತ್ರಿ ಹಗಲು ಗಸ್ತು, ಮಳೆಗಾಲಕ್ಕೆ ಸ್ಪೀಡ್ ಕಮ್ಮಿ ಮಾಡಿ ಬೇರೆಯದೇ ಟೈಮ್‌ಟೇಬಲ್. ಜೂನಲ್ಲಿ ಟಿಕೆಟ್ ಬುಕ್ ಮಾಡುವಾಗ ಟೈಮಿಂಗ್ ಬದಲಾಗಿದೆ ಅಂತ ಗೊಣಗ್ತೀವಲ್ಲ, ಅದರ ಹಿಂದೆ ಇರೋದು ಈ ಎರಡು ಗಾಡಿಗಳು.

ಹರ್ಷ್‌ಮನ್ ವಾದವನ್ನ ಬೆಂಟ್ ಫ್ಲಿವ್‌ಬ್ಯೆರ್ಗ್ ಮತ್ತು ಕ್ಯಾಸ್ ಸನ್‌ಸ್ಟೀನ್ ಅನ್ನೋ ಇಬ್ಬರು ಪ್ರೊಫೆಸರುಗಳು 2016ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಯೋಜನೆಗಳ ಅಂಕಿಅಂಶದ ಮೇಲೆ ಇಟ್ಟು ನೋಡಿದ್ರು. ಕಷ್ಟ ಅಂದಾಜು ಮೀರಿದಾಗ ಲಾಭನೂ ಅದನ್ನ ಮೀರಿಸಿದ್ದು ಐದರಲ್ಲಿ ಒಂದು ಭಾಗದಷ್ಟರಲ್ಲಿ ಮಾತ್ರ, ಉಳಿದದ್ರಲ್ಲಿ ಲಾಭ ಅಷ್ಟು ಏರ್ಲಿಲ್ಲ. ಅಂದ್ರೆ ನಾವು ಹೇಳ್ಕೊಂಡು ಓಡಾಡೋದು ಗೆದ್ದ ಕಥೆಗಳನ್ನ. ಅರ್ಧಕ್ಕೆ ನಿಂತ ಸೇತುವೆ ಬಗ್ಗೆ ಯಾರೂ ಪ್ರಕರಣ ಅಧ್ಯಯನ ಬರೆಯಲ್ಲ, ಬರೆದ್ರೂ ಓದೋರಿಲ್ಲ. ಕೊಂಕಣ ರೈಲ್ವೆ ಆ ಐದರಲ್ಲೊಂದಕ್ಕೆ ಸೇರತ್ತೆ ಅಂತ ನಾನಂತೂ ನಂಬ್ತೀನಿ, ಆದ್ರೆ ಕಂಪನಿಯ ಬ್ಯಾಲೆನ್ಸ್ ಶೀಟ್ ಮಾತ್ರ ನೋಡೋನು ಒಪ್ಪಲ್ಲ. ನೆಚ್ಚಿಕೊಂಡಿದ್ದ ಸರಕು ಬರ್ಲಿಲ್ಲ, ಸಾಲ ಬೆಳೀತು. ಆ ಕಷ್ಟದಲ್ಲೇ 1999ರಲ್ಲಿ ತುಂಬಿದ ಲಾರಿಗಳನ್ನೇ ಸಾಲಾಗಿ ಗಾಡಿ ಮೇಲೆ ಹತ್ತಿಸಿ ಸಾಗಿಸೋ ಐಡಿಯಾ ಶುರು ಮಾಡಿದ್ರು, ಮೊದಲು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ, ಆಮೇಲೆ ಸುರತ್ಕಲ್‌ವರೆಗೂ. ಡ್ರೈವರ್ ಲಾರಿಯಲ್ಲೇ ಕೂತು ಘಟ್ಟದ ತಿರುವು ಯಾವ್ದೂ ಇಲ್ದೆ ನಿದ್ದೆ ಹೊಡ್ಕೊಂಡು ಬರ್ತಾನೆ. ಇದು ಯಾರ ಪ್ಲಾನಲ್ಲೂ ಇರ್ಲಿಲ್ಲ, ಹರ್ಷ್‌ಮನ್ ಬದುಕಿದ್ದಾಗ ನೋಡಿದ್ರೆ ಖುಷಿಯಾಗ್ತಿದ್ರು.

ಪೆರ್ನೆಮ್ ಇನ್ನೂ ಸುಮ್ಮನಾಗಿಲ್ಲ. 2020ರ ಆಗಸ್ಟ್‌ನಲ್ಲಿ ಒಳಗಿನ ಗೋಡೆ ಐದು ಮೀಟರಿನಷ್ಟು ಕುಸಿದು ಗಾಡಿಗಳನ್ನ ಬೇರೆ ದಾರಿಗೆ ತಿರುಗಿಸಿದ್ರು. 2024ರ ಜುಲೈನಲ್ಲಿ ಹಳಿ ಕೆಳಗಿಂದ ನೀರುಕ್ಕಿ ಮತ್ತೆ ಬಂದ್. ಈ ಮಧ್ಯೆ 2022ರಲ್ಲಿ ಇಡೀ ಲೈನು ಕರೆಂಟಿಗೆ ಬಂತು, ಆದ್ರೆ ಹಳಿ ಈಗಲೂ ಬಹುಪಾಲು ಒಂದೇ. ಡಬಲ್ ಮಾಡಿ ಅನ್ನೋ ಕೂಗು ವರ್ಷಗಳಿಂದ ಇದೆ, ಕಂಪನಿ ಹತ್ರ ದುಡ್ಡಿಲ್ಲ, ರೈಲ್ವೆಗೆ ವಿಲೀನ ಮಾಡಿದ್ರೆ ದುಡ್ಡು ಬರತ್ತೆ ಅಂತ ರಾಜ್ಯಗಳು ಒಂದೊಂದಾಗಿ ಒಪ್ಪಿಗೆ ಕೊಡ್ತಾ ಬಂದಿವೆ. 2021ರಲ್ಲಿ ಡಬಲ್ ಆಗಿದ್ದು ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿ.ಮೀ., ದೊಡ್ಡ ಸುರಂಗಗಳು ಶುರುವಾಗೋಕೆ ಮುಂಚಿನ ತುಂಡು. ದುಡ್ಡು ಒಂದು ಕಾರಣ, ಒಪ್ಪೋಣ. ಇನ್ನೊಂದು ಕಾರಣ ನನಗನ್ನಿಸೋದು, 1990ರಲ್ಲಿ ಇಲ್ಲದ ಒಂದು ವಸ್ತು ಈಗಿನ ಇಂಜಿನಿಯರ ಟೇಬಲ್ ಮೇಲಿದೆ: ಪೆರ್ನೆಮ್‌ನ ಫೈಲು. ಎರಡನೇ ಸುರಂಗಕ್ಕೆ ಎಸ್ಟಿಮೇಟ್ ಹಾಕೋನು ಅದನ್ನ ಓದದೆ ಪೆನ್ನು ಎತ್ತೋ ಹಾಗಿಲ್ಲ, ಓದಿದ ಮೇಲೆ ಯಾವ ಅಂಕಿ ಬರೀತಾನೋ ಅದಕ್ಕೆ ಯಾವ ಮಂತ್ರಿ ಸಹಿ ಹಾಕ್ತಾನೋ ನೋಡ್ಬೇಕು.